ಕೋಟಿನ ಮೇಲಿನ ಧೂಳು

ಬೆಳಗ್ಗೆ ಎದ್ದು ಮುಖ ತೊಳೆಯುವುದಕ್ಕೂ ಮೊದಲು ನಾನು ಮಾಡುವ ಕೆಲಸವೊಂದುಂಟು. ಪಡಸಾಲೆಯ ಕಿಟಕಿಯ ಪಕ್ಕದಲ್ಲಿರುವ ಮೇಜಿನ ಬಳಿಗೆ ಹೋಗಿ, ಹಳೆಯ ಪಂಚೆಯ ಮೆತ್ತನೆಯ ಚೂರೊಂದನ್ನು ಬೆರಳಿಗೆ ಸುತ್ತಿಕೊಂಡು, ಅಲ್ಲಿ ಹಗಲಿರುಳೂ ಎದೆ ಸೆಟೆದು ನಿಂತಿರುವ ಒಂಬತ್ತು ಅಂಗುಲದ ತರುಣನೊಬ್ಬನ ಮೈಮೇಲಿನ ಧೂಳನ್ನು ಒರೆಸುತ್ತೇನೆ. ಆತನು ಸೈನಿಕ ಅಕಾಡೆಮಿಯ ಕೆಡೆಟ್. ರಾಳದಲ್ಲಿ ಎರಕ ಹೊಯ್ದು ಬಣ್ಣ ತೊಡಿಸಿದ ಗೊಂಬೆ. ರಾತ್ರಿ ಕಿಟಕಿಯ ಕದಗಳನ್ನು ಬಿಗಿಯಾಗಿ ಹಾಕಿ, ಸಂದುಗಳಿಗೆ ಬಟ್ಟೆಯ ಸುರುಳಿಗಳನ್ನು ತುರುಕಿ ಮಲಗಿದ್ದರೂ, ಬೆಳಕು ಹರಿಯುವ ವೇಳೆಗೆ ಅವನ ಭುಜಗಳ ಮೇಲೆ, ಟೋಪಿಯ ಅಂಚಿನ ಮೇಲೆ, ಕೋಟಿನ ಮಡಿಕೆಗಳೊಳಗೆ ಕಾವಿಯ ಬಣ್ಣದ ನುಣುಪಾದ ಹುಡಿಯೊಂದು ತೆಳ್ಳಗೆ ಕುಳಿತಿರುತ್ತದೆ. ಆಲಿವ್ ಹಸಿರಿನ ಅವನ ಸಮವಸ್ತ್ರವು ಒಂದೇ ರಾತ್ರಿಯಲ್ಲಿ ಇಟ್ಟಿಗೆಯ ಬಣ್ಣಕ್ಕೆ ತಿರುಗಿರುತ್ತದೆ.

ಈ ಧೂಳು ಸಂಡೂರಿನ ಬೆಟ್ಟಗಳದು. ಆ ಬೆಟ್ಟಗಳ ಹೊಟ್ಟೆಯಲ್ಲಿರುವ ಕಬ್ಬಿಣದ ಅದಿರು ಲಾರಿಗಳಲ್ಲಿಯೂ ರೈಲಿನ ಡಬ್ಬಿಗಳಲ್ಲಿಯೂ ನಮ್ಮೂರನ್ನು ಹಾದು ಹೋಗುವಾಗ ತನ್ನ ಒಂದಂಶವನ್ನು ಗಾಳಿಗೆ ಒಪ್ಪಿಸಿ ಹೋಗುತ್ತದೆ. ನಾನು ಹುಡುಗನಾಗಿದ್ದಾಗ ತೋರಣಗಲ್ಲೆಂದರೆ ಗುಂತಕಲ್ಲಿಗೂ ಹುಬ್ಬಳ್ಳಿಗೂ ನಡುವೆ ಮೀಟರ್ ಗೇಜ್ ಹಳಿಯ ಮೇಲಣ ಒಂದು ಸಣ್ಣ ನಿಲ್ದಾಣ; ನಾಲ್ಕು ಬೇವಿನ ಮರ, ಒಂದು ನೀರಿನ ತೊಟ್ಟಿ, ಬಿಸಿಲಿನಲ್ಲಿ ನಡುಗುವಂತೆ ಕಾಣುವ ಬಂಡೆಗುಡ್ಡಗಳು. ಆಗ ನಮ್ಮ ಬಟ್ಟೆಗಳ ಮೇಲೆ ಬೀಳುತ್ತಿದ್ದುದು ಉಗಿಬಂಡಿಯ ಕರಿಯ ಮಸಿ. 1971ರಲ್ಲಿ ಇಂದಿರಾ ಗಾಂಧಿಯವರು ಇಲ್ಲಿ ಉಕ್ಕಿನ ಕಾರ್ಖಾನೆಗೆ ಶಂಕುಸ್ಥಾಪನೆ ಮಾಡಿದರು. ಕುಲುಮೆಗಳಿಗೆ ಬೆಂಕಿ ಬೀಳುವ ಹೊತ್ತಿಗೆ ಎರಡು ದಶಕಗಳಿಗೂ ಹೆಚ್ಚು ಕಾಲ ಕಳೆದು ಹೋಗಿದ್ದಿತು. ಕರಿಯ ಮಸಿ ಹೋಗಿ ಕೆಂಪು ಹುಡಿ ಬಂದಿತು. ಹೊಸಪೇಟೆಯ ನಂಟರು ಇಂದಿಗೂ ನಮ್ಮ ಪಂಚೆಯ ಅಂಚನ್ನು ನೋಡಿಯೇ ನಾವು ಯಾವ ರೈಲಿಗೆ ಬಂದೆವೆಂಬುದನ್ನು ಹೇಳಬಲ್ಲರು. ತುಳಸಿಯ ಎಲೆಯ ಮೇಲೆ, ಹಾಲಿನ ಪಾತ್ರೆಗೆ ಮುಚ್ಚಿದ ಬಟ್ಟೆಯ ಮೇಲೆ, ಪುಸ್ತಕದ ಬೆನ್ನಿನ ಮೇಲೆ ಅದು ಕುಳಿತರೆ ನಾನು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳುವವನಲ್ಲ. ಆದರೆ ಆ ತರುಣನ ಕೋಟಿನ ಮೇಲೆ ಕುಳಿತರೆ ಮಾತ್ರ ನನಗೆ ಸಹನೆಯಾಗುವುದಿಲ್ಲ. ಒರೆಸಿ ಹಸಿರು ಕಂಡ ಮೇಲೆಯೇ ಕಾಫಿಯ ಲೋಟಕ್ಕೆ ಕೈಯೊಡ್ಡುವುದು.

ಅವನನ್ನು ಒಮ್ಮೆ ನೀವು ನೋಡಬೇಕು. ಎಡ ಭುಜಕ್ಕೆ ಆನಿಸಿದ ಬಂದೂಕು, ಬಿಳಿಯ ಕೈಗವಸು, ಸೊಂಟಕ್ಕೆ ಬಿಳಿಯ ಪಟ್ಟಿ. ನಿಂತಿರುವುದು ಮರದ ಪೀಠದ ಮೇಲೆ. ಪೀಠದಲ್ಲಿ ಒಂದೇ ಒಂದು ಮೆಟ್ಟಿಲನ್ನು ಕೊರೆದಿದ್ದಾರೆ. ಬಲಗಾಲು ಕೆಳಗಿನ ನೆಲದಲ್ಲಿದೆ, ಎಡಗಾಲು ಆ ಮೆಟ್ಟಿಲಿನ ಮೇಲೆ ಆಗತಾನೇ ಊರಿದಂತಿದೆ. ಹಿಮ್ಮಡಿ ಇನ್ನೂ ಪೂರ್ತಿಯಾಗಿ ಇಳಿದಿಲ್ಲ. ಬಣ್ಣ ಹಚ್ಚಿದವನ ಕುಂಚ ಎಡಗಣ್ಣಿನಲ್ಲಿ ಕೂದಲೆಳೆಯಷ್ಟು ಪಕ್ಕಕ್ಕೆ ಸರಿದಿರುವುದರಿಂದ, ಎದುರಿಗೆ ನೆಟ್ಟ ದೃಷ್ಟಿಯವನಾಗಿರಬೇಕಾದ ಆ ಹುಡುಗ ಯಾರನ್ನೋ ಗುಂಪಿನಲ್ಲಿ ಹುಡುಕುತ್ತಿರುವವನಂತೆ ತೋರುತ್ತಾನೆ. ಆ ದೋಷವೇ ಅವನಿಗೆ ಜೀವ ಕೊಟ್ಟಿದೆಯೆಂದು ನನ್ನ ನಂಬಿಕೆ.

ಸಿಪಾಯಿ ಗೊಂಬೆಗಳನ್ನು ವ್ರತದಂತೆ ಸಂಗ್ರಹಿಸುವ ಜನ ಜಗತ್ತಿನಲ್ಲಿದ್ದಾರೆ. ಜರ್ಮನಿಯ ನ್ಯೂರೆಂಬರ್ಗಿನ ಕುಶಲಿಗಳು ತವರದಲ್ಲಿ ಎಲೆಯಷ್ಟು ತೆಳ್ಳನೆಯ ಸಿಪಾಯಿಗಳನ್ನು ಎರೆಯುತ್ತಿದ್ದರು. 1893ರಲ್ಲಿ ಲಂಡನ್ನಿನ ವಿಲಿಯಂ ಬ್ರಿಟನ್ ಎಂಬವರ ಮನೆತನವು, ಕಾದ ಸೀಸದ ಮಿಶ್ರಣವನ್ನು ಅಚ್ಚಿಗೆ ಹೊಯ್ದು, ಅಂಚು ಗಟ್ಟಿಯಾಗುವಷ್ಟರಲ್ಲಿಯೇ ಒಳಗಿನ ದ್ರವವನ್ನು ಹೊರಕ್ಕೆ ಸುರಿದುಬಿಡುವ ಉಪಾಯವನ್ನು ಕಂಡುಹಿಡಿಯಿತು. ಗೊಂಬೆ ಟೊಳ್ಳಾಯಿತು, ಹಗುರವಾಯಿತು, ಅಗ್ಗವಾಯಿತು. 54 ಮಿಲಿಮೀಟರು, ಎಂದರೆ ಎರಡು ಅಂಗುಲಕ್ಕಿಂತ ತುಸು ಹೆಚ್ಚು, ಆ ಗೊಂಬೆಗಳ ಎತ್ತರ. ಇಂದಿಗೂ ಸಂಗ್ರಾಹಕರು ಅಳೆಯುವುದು ಆ ಅಳತೆಯಿಂದಲೇ. ಅಮೆರಿಕದ ವೆಸ್ಟ್ ಪಾಯಿಂಟಿನ ಬೂದುಬಣ್ಣದ ಕೋಟಿನ ಕೆಡೆಟ್‌ಗಳೂ ಆ ಅಚ್ಚುಗಳಲ್ಲಿ ಮೈದಾಳಿ ಸಾಲುಸಾಲಾಗಿ ಪೆಟ್ಟಿಗೆಗಳಲ್ಲಿ ಮಲಗಿ ದೇಶಾಂತರ ಹೋದರು. ನನ್ನ ಮೇಜಿನ ಮೇಲಿರುವವನಿಗೆ ಅಂಥ ದಂಡಿಲ್ಲ. ಅವನು ಒಬ್ಬನೇ, ಮತ್ತು ಅವನು ನನ್ನವನೂ ಅಲ್ಲ, ನನ್ನ ತಮ್ಮನವನು. ತಮ್ಮನು ಕಂಪ್ಲಿಯಲ್ಲಿ ನಮ್ಮ ತಾಯಿಯ ತವರುಮನೆಯಲ್ಲಿ ವಾಸವಾಗಿದ್ದಾನೆ. ಈ ಗೊಂಬೆಯನ್ನು ಮಾತ್ರ, ಬಂದ ದಿನದಿಂದಲೂ, ನನ್ನ ಬಳಿಯಲ್ಲಿಯೇ ಇಟ್ಟಿದ್ದಾನೆ.

ನಮ್ಮ ತಂದೆ ತೋರಣಗಲ್ಲಿನ ನಿಲ್ದಾಣದಲ್ಲಿ ಪಾಯಿಂಟ್ಸ್‌ಮನ್ ಆಗಿದ್ದರು. ಬಿಸಿಲಿಗೆ ಬಣ್ಣ ಇಳಿದ ಕೆಂಪು ಮತ್ತು ಹಸಿರು ಬಾವುಟಗಳೆರಡು ಅವರ ಕಂಕುಳಲ್ಲಿ ಯಾವಾಗಲೂ ಇರುತ್ತಿದ್ದವು. ಮನೆಗೆ ಬಂದಾಗ ಅವುಗಳನ್ನು ದೇವರ ಗೂಡಿನ ಪಕ್ಕದ ಗೂಟಕ್ಕೆ ಸಿಕ್ಕಿಸುತ್ತಿದ್ದರು. ನನಗಿಂತ ನಾಲ್ಕು ವರ್ಷ ಕಿರಿಯನಾದ ತಮ್ಮನಿಗೆ ರೈಲಿನ ಆಟವೆಂದರೆ ಪ್ರಾಣ. ಪ್ಲಾಟ್‌ಫಾರಂ ತುದಿಯಲ್ಲಿ ನಿಂತು ದೂರದ ಕೈಮರದ ತೋಳು ಇಳಿಯಿತೆಂದರೆ 'ಗಾಡಿ ಬಂತು' ಎಂದು ಮೊದಲು ಕೂಗುತ್ತಿದ್ದವನು ಅವನೇ. ಅವನ ದೃಷ್ಟಿ ಹದ್ದಿನದೆಂದು ಸ್ಟೇಷನ್ ಮಾಸ್ತರರು ಹೊಗಳುತ್ತಿದ್ದರು. ಅದು ನಿಜವೂ ಆಗಿದ್ದಿತು.

ಚೀನಾದ ಯುದ್ಧದ ಕಾಲದಲ್ಲಿ ಸೈನಿಕರನ್ನು ತುಂಬಿಕೊಂಡ ವಿಶೇಷ ರೈಲೊಂದು ನಮ್ಮ ನಿಲ್ದಾಣದಲ್ಲಿ ನೀರಿಗಾಗಿ ನಿಂತಿತು. ಆಲಿವ್ ಹಸಿರಿನ ಉಡುಪಿನ ಜವಾನರು ಇಳಿದು ತೊಟ್ಟಿಯ ಬಳಿ ಮುಖ ತೊಳೆದರು, ಬೇವಿನ ಕಡ್ಡಿ ಮುರಿದರು. ಅವರೊಳಗೆ ಮೀಸೆ ಆಗತಾನೇ ಮೂಡುತ್ತಿದ್ದ ಅಧಿಕಾರಿಯೊಬ್ಬನು, ತನ್ನ ಅಪ್ಪನ ವಯಸ್ಸಿನ ಸಿಪಾಯಿಗಳು ಮೊದಲು ನೀರು ಕುಡಿಯುವವರೆಗೆ ಕಾದು ನಿಂತಿದ್ದು, ಕೊನೆಯಲ್ಲಿ ತಾನು ಬೊಗಸೆಯೊಡ್ಡಿದನು. ಹತ್ತು ವರ್ಷದ ನನ್ನ ತಮ್ಮ ಇದನ್ನು ಕಣ್ಣು ಮಿಟುಕಿಸದೆ ನೋಡಿದನು. ಅಂದಿನಿಂದ ಅವನ ಬಾಯಲ್ಲಿ ಬೇರೆ ಮಾತಿಲ್ಲ. ಪತ್ರಿಕೆಯಲ್ಲಿ ಬಂದಿದ್ದ ಜನರಲ್ ತಿಮ್ಮಯ್ಯನವರ ಚಿತ್ರವೊಂದನ್ನು ಕತ್ತರಿಸಿ, ಅನ್ನದ ಅಗುಳಿನಿಂದ ಗೋಡೆಗೆ ಅಂಟಿಸಿಕೊಂಡನು. ಮಡಿಕೇರಿಯಲ್ಲಿ ಹುಟ್ಟಿದ ಕನ್ನಡ ನಾಡಿನ ಹುಡುಗನೊಬ್ಬ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ನಲ್ಲಿ ಕಲಿತು ಭಾರತದ ಭೂಸೇನೆಗೆ ಮುಖ್ಯಸ್ಥನಾದನೆಂಬುದು, ಶನಿವಾರಸಂತೆಯಲ್ಲಿ ಹುಟ್ಟಿದ ಕಾರ್ಯಪ್ಪನವರು 1949ರ ಜನವರಿ 15ರಂದು ಆ ಪದವಿಗೇರಿದ ಮೊದಲನೆಯ ಭಾರತೀಯರೆಂಬುದು, ನಮಗೆ ಪಾಠವಾಗಿ ಬರುವುದಕ್ಕೂ ಮೊದಲು ಅವನಿಗೆ ಬಾಯಿಪಾಠವಾಗಿದ್ದಿತು.

ಮರುವರ್ಷದ ಮಣ್ಣೆತ್ತಿನ ಅಮಾವಾಸ್ಯೆ ಬಂದಿತು. ನಮ್ಮ ಕಡೆ ಜ್ಯೇಷ್ಠದ ಆ ಅಮಾವಾಸ್ಯೆಗೆ ಕೆರೆಯಂಗಳದ ಜಿಗುಟು ಮಣ್ಣು ತಂದು ಜೋಡಿ ಎತ್ತುಗಳನ್ನು ಮಾಡಿ, ಕೊಂಬಿಗೆ ಬಣ್ಣ, ಕೊರಳಿಗೆ ಜೋಳದ ಕಾಳಿನ ಗೆಜ್ಜೆ ತೊಡಿಸಿ ಪೂಜಿಸುವುದುಂಟು. ಆ ವರ್ಷ ತಮ್ಮನು ಎತ್ತುಗಳ ಜೊತೆಗೆ ಒಬ್ಬ ಸಿಪಾಯಿಯನ್ನೂ ಮಾಡಿದನು. ಗೇಣುದ್ದದ ದೇಹ, ತೊಗರಿಕಟ್ಟಿಗೆಯ ಬಂದೂಕು, ಇದ್ದಿಲಿನ ಮೀಸೆ, ಸುಣ್ಣದ ಸೊಂಟಪಟ್ಟಿ. ಕೋಟಿಗೆ ಮಾತ್ರ, ನಮ್ಮ ತಾಯಿ ಗೋಡೆ ಸಾರಿಸಲು ಕಲಸಿಟ್ಟಿದ್ದ ಕೆಮ್ಮಣ್ಣನ್ನು ಬಳಿದುಬಿಟ್ಟಿದ್ದನು. ರೈಲಿನಿಂದ ಇಳಿದವರ ಅಂಗಿ ಇದಾಗಿರಲಿಲ್ಲವಲ್ಲ ಎಂದು ನಾನು ಹೇಳಿದೆ. 'ಇದೇ ಆಗಿತ್ತು' ಎಂದನು. ನಾನು ಅಲ್ಲವೆಂದೆ. ಅವನು ಅಳುವವನಂತಾಗಿ, 'ಅಣ್ಣಾ, ನಾನು ನೋಡೀನಿ, ಇದೇ' ಎಂದನು. ಹಸಿರು ಬಣ್ಣ ಸಿಗದುದಕ್ಕೆ ಹುಡುಗ ಹಟ ಮಾಡುತ್ತಿರುವನೆಂದು ತಾಯಿ ನನ್ನನ್ನು ಗದರಿಸಿ ಸುಮ್ಮನಾಗಿಸಿದರು. ಎತ್ತುಗಳನ್ನು ಪದ್ಧತಿಯಂತೆ ನೀರಿಗೆ ಬಿಟ್ಟೆವು. ಸಿಪಾಯಿಯನ್ನು ಅವನು ಬಿಡಗೊಡಲಿಲ್ಲ. ಮುಂದಿನ ಮಳೆಗಾಲದಲ್ಲಿ ಮಾಡು ಸೋರಿ ಅದು ಕರಗಿ ಹೋಯಿತು.

ಹಂಪೆಗೆ ಹೋದಾಗಲೂ ಅವನು ವಿರೂಪಾಕ್ಷನ ದರ್ಶನಕ್ಕಿಂತ ಹಜಾರರಾಮನ ಪ್ರಾಕಾರದ ಹೊರಗೋಡೆಗೇ ಕಾತರಿಸುತ್ತಿದ್ದನು. ಆ ಗೋಡೆಯ ಮೇಲೆ ಸಾಲಿನ ಮೇಲೆ ಸಾಲಾಗಿ ಆನೆಗಳು, ಕುದುರೆಗಳು, ಕಾಲಾಳುಗಳು, ನರ್ತಕಿಯರು ಮಹಾನವಮಿಯ ಮೆರವಣಿಗೆಯಲ್ಲಿ ಹೊರಟಿದ್ದಾರೆ. ಪೋರ್ಚುಗೀಸನಾದ ಡೊಮಿಂಗೊ ಪಾಯೆಸನು ಕೃಷ್ಣದೇವರಾಯನ ಕಾಲದಲ್ಲಿ ಇಲ್ಲಿಗೆ ಬಂದು, ಹಬ್ಬದ ಕೊನೆಯಲ್ಲಿ ಅರಸನು ತನ್ನ ಸಮಸ್ತ ಸೈನ್ಯದ ಸಾಲುಗಳ ನಡುವೆ ಹಾದು ಹೋಗುವುದನ್ನು ಕಂಡು ಬೆರಗಾಗಿ ಬರೆದಿಟ್ಟಿದ್ದಾನೆ. ಆ ಸೈನ್ಯವೆಲ್ಲ ಹೋದ ಮೇಲೆ ಉಳಿದವರು ಈ ಗೇಣುದ್ದದ ಕಲ್ಲಿನ ಕಾಲಾಳುಗಳು. ದೂರದಿಂದ ಎಲ್ಲರೂ ಒಂದೇ ಅಚ್ಚಿನವರು. ಹತ್ತಿರ ಹೋಗಿ ನಿಂತರೆ ಒಬ್ಬನ ಹೆಜ್ಜೆ ಹಿಂದೆ ಬಿದ್ದಿದೆ, ಇನ್ನೊಬ್ಬನು ಹೊರಳಿ ಗೆಳೆಯನ ಕಡೆ ನೋಡುತ್ತಿದ್ದಾನೆ. ತಮ್ಮನು ಅವರ ಪಕ್ಕದಲ್ಲಿ ಕೈ ಬೀಸುತ್ತ ಗೋಡೆಯುದ್ದಕ್ಕೂ ನಡೆಯುವನು, ಮೂಲೆ ಬಂದಾಗ ತಿರುಗುವನು, ಮತ್ತೆ ನಡೆಯುವನು. ಮಹಾನವಮಿ ದಿಬ್ಬದ ಚಿತ್ರಗಳಿಗಿಂತಲೂ, ವಸ್ತುಸಂಗ್ರಹಾಲಯದ ವೀರಗಲ್ಲುಗಳಿಗಿಂತಲೂ ಅವನಿಗೆ ಈ ಗೋಡೆಯೇ ಪ್ರಿಯ. ಬಣ್ಣದ ಚಿತ್ರಪಟಗಳ ಎದುರು ಬೇಗ ಬೇಸರಗೊಳ್ಳುತ್ತಿದ್ದ ಹುಡುಗನು ಬಣ್ಣವಿಲ್ಲದ ಕಲ್ಲಿನ ಎದುರು ಇಡೀ ಮಧ್ಯಾಹ್ನವನ್ನು ಏಕೆ ಕಳೆಯುತ್ತಿದ್ದನೆಂಬುದು ನನಗೆ ಹೊಳೆದುದು ಬಹಳ ವರ್ಷಗಳ ಅನಂತರ.

ಕೆಡೆಟ್ ಎಂಬ ಮಾತಿನ ಹುಟ್ಟನ್ನು ನಾನು ನಿಘಂಟಿನಲ್ಲಿ ಹುಡುಕಿದ್ದೂ ಅವನಿಗಾಗಿಯೇ. ಫ್ರಾನ್ಸಿನ ದಕ್ಷಿಣ ಭಾಗವಾದ ಗ್ಯಾಸ್ಕನಿಯಲ್ಲಿ ಪಾಳೆಯಗಾರರ ಕಿರಿಯ ಮಕ್ಕಳು ಅರಸನ ಸೈನ್ಯಕ್ಕೆ ಸೇರುತ್ತಿದ್ದರಂತೆ. ಮನೆ, ಹೊಲ, ಪದವಿಗಳು ಹಿರಿಯನ ಪಾಲಾದ ಮೇಲೆ ಕಿರಿಯನಿಗೆ ಉಳಿಯುತ್ತಿದ್ದುದು ಕತ್ತಿಯೊಂದೇ. ಹೀಗೆ 'ಕಿರಿಯ ಮಗ' ಎಂಬರ್ಥದ ಮಾತು ಸೈನ್ಯವಿದ್ಯೆ ಕಲಿಯುವ ಹುಡುಗನ ಹೆಸರಾಗಿ ಜಗತ್ತನ್ನೆಲ್ಲ ಸುತ್ತಿತು. ನಮ್ಮ ಮನೆಯಲ್ಲಿ ಹೊಲವಾಗಲಿ ಪದವಿಯಾಗಲಿ ಇರಲಿಲ್ಲ. ಇದ್ದುದು ರೈಲ್ವೆಯ ಕೆಲಸವೊಂದು. ಅದು ಹಿರಿಯನಾದ ನನ್ನ ಪಾಲಿಗೆ ಬಂದಿತು. ಬುಕಿಂಗ್ ಗುಮಾಸ್ತನಾಗಿ ನಾನು ಸೇರಿದಾಗ ತಮ್ಮನು ಹೊಸಪೇಟೆಯ ಶಾಲೆಯಲ್ಲಿ ಎನ್‌ಸಿಸಿಯ ಖಾಕಿ ತೊಟ್ಟಿದ್ದನು. ಭಾನುವಾರ ಅವನು ಗಂಜಿ ಹಾಕಿ ತಿಕ್ಕಿದ ಆ ಅಂಗಿಯ ಮಡಿಕೆಗಳು ಬೆರಳು ಕುಯ್ಯುವಷ್ಟು ಚೂಪಾಗಿರುತ್ತಿದ್ದವು.

ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಪ್ರವೇಶ ಪರೀಕ್ಷೆಯನ್ನು ಅವನು ಮೊದಲ ಸಲಕ್ಕೇ ಮುಗಿಸಿದನು. ಪುಣೆಯ ಬಳಿಯ ಖಡಕ್‌ವಾಸ್ಲಾದಲ್ಲಿ ನೆಹರೂ ಅವರು 1949ರಲ್ಲಿ ಅಡಿಗಲ್ಲಿಟ್ಟ ಆ ಅಕಾಡೆಮಿ 1955ರ ಜನವರಿಯಲ್ಲಿ ತೆರೆದಿದ್ದಿತು. ಎರಡನೆಯ ಮಹಾಯುದ್ಧದಲ್ಲಿ ತಮ್ಮ ನೆಲಕ್ಕಾಗಿ ಹೋರಾಡಿದ ಭಾರತೀಯ ಸೈನಿಕರ ನೆನಪಿಗೆಂದು ಸೂಡಾನಿನವರು ಕೊಟ್ಟ ಹಣದ ಋಣವನ್ನು ಅಲ್ಲಿಯ ಮುಖ್ಯ ಕಟ್ಟಡವು ಸೂಡಾನ್ ಬ್ಲಾಕ್ ಎಂಬ ಹೆಸರಿನಲ್ಲಿ ಹೊತ್ತು ನಿಂತಿದೆ. ಇದನ್ನೆಲ್ಲ ಅವನು ನಮ್ಮ ತಾಯಿಗೆ ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ಕುಳಿತು ವರ್ಣಿಸುತ್ತಿದ್ದನು. ಬೆಂಗಳೂರಿನಲ್ಲಿ ಎದೆಗೆ ಸಂಖ್ಯೆಯ ಬಟ್ಟೆ ಕಟ್ಟಿಕೊಂಡು, ಹಗ್ಗ ಹಲಗೆಗಳಿಂದ ಹಳ್ಳ ದಾಟಿಸುವ, ಗುಂಪಿನಲ್ಲಿ ಮಾತನಾಡಿಸುವ, ಚಿತ್ರ ತೋರಿಸಿ ಕಥೆ ಬರೆಯಿಸುವ ಸಂದರ್ಶನವನ್ನೂ ಗೆದ್ದನು. ಉಳಿದುದು ವೈದ್ಯಪರೀಕ್ಷೆ. ಮರದಂತೆ ನೆಟ್ಟಗೆ ಬೆಳೆದ ಹುಡುಗನಿಗೆ ಅದೊಂದು ಪರೀಕ್ಷೆಯೇ ಅಲ್ಲವೆಂದು ನಾವು ತಿಳಿದಿದ್ದೆವು.

ಅಲ್ಲಿ ಅವನ ಮುಂದೆ ಒಂದು ಪುಸ್ತಕವನ್ನು ತೆರೆದರು. ಜಪಾನಿನ ಸೈನ್ಯದಲ್ಲಿ ವೈದ್ಯರಾಗಿದ್ದ ಶಿನೊಬು ಇಶಿಹಾರ ಎಂಬವರು 1917ರಲ್ಲಿ ಪ್ರಕಟಿಸಿದ ಫಲಕಗಳ ಪುಸ್ತಕ ಅದು: ದುಂಡನೆಯ ಬಯಲಿನಲ್ಲಿ ಬಣ್ಣಬಣ್ಣದ ಚುಕ್ಕಿಗಳು, ಚುಕ್ಕಿಗಳ ನಡುವೆ ಅಡಗಿದ ಅಂಕಿಗಳು. ಮೊದಲನೆಯ ಫಲಕದ 12 ಎಲ್ಲರಿಗೂ ಕಾಣುವಂಥದು, ಅವನಿಗೂ ಕಂಡಿತು. ಮುಂದೆ 74 ಎಂದು ಇದ್ದಲ್ಲಿ ಅವನು, ಗಟ್ಟಿ ದನಿಯಲ್ಲಿ, ಎದೆ ಸೆಟೆದು, 21 ಎಂದು ಓದಿದನು. ವೈದ್ಯರು ಮತ್ತೊಮ್ಮೆ ಓದಲು ಹೇಳಿದರು. ಮತ್ತೊಮ್ಮೆಯೂ 21. ಕೆಲವು ಪುಟಗಳಲ್ಲಿ ಅವನಿಗೆ ಚುಕ್ಕಿಗಳಲ್ಲದೆ ಬೇರೇನೂ ಇರಲಿಲ್ಲ. ಅವರು ಸೌಮ್ಯವಾಗಿಯೇ ಪುಸ್ತಕವನ್ನು ಮುಚ್ಚಿದರೆಂದು ಅವನು ಈಗಲೂ ನೆನೆಯುತ್ತಾನೆ.

ರಾತ್ರಿಯ ಗಾಡಿಗೆ ಹೊರಟವನು ಮರುದಿನ ನಮ್ಮ ನಿಲ್ದಾಣದಲ್ಲಿ ಇಳಿದನು. ನಾನು ಟಿಕೆಟ್ಟಿನ ಕಿಂಡಿಯಲ್ಲಿದ್ದೆ. ಅವನ ಮುಖ ನೋಡಿ ಕೇಳುವ ಧೈರ್ಯವಾಗಲಿಲ್ಲ. ಮನೆಯಲ್ಲಿ ಅವನು ಇದ್ದುದನ್ನು ಇದ್ದಂತೆ ಹೇಳಿದನು. ತಂದೆ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಎದ್ದು ಹೋಗಿ ಗೂಟದಲ್ಲಿದ್ದ ಬಾವುಟಗಳೆರಡನ್ನೂ ತಂದು, ಕಟ್ಟಿಗೆಗಳಿಂದ ಬಿಡಿಸಿ, ಹೊರಸಿನ ಮೇಲೆ ಪಕ್ಕಪಕ್ಕದಲ್ಲಿ ಹಾಸಿದರು.

'ಇದರಾಗ ಕೆಂಪು ಯಾವುದು ಹೇಳಪ್ಪ.'

ಅವನು ಎರಡನ್ನೂ ನೋಡಿದನು. ನಾವು ಮೂವರೂ ಅವನನ್ನು ನೋಡುತ್ತಿದ್ದೆವು.

'ನೀವು ಎಡಗೈಯಾಗ ಹಿಡೀತಿದ್ದುದು ಕೆಂಪು, ಬಲಗೈಯಾಗ ಬೀಸ್ತಿದ್ದುದು ಹಸಿರು. ಹಿಂಗ ಹಾಸಿದರ ನನಗ ಗೊತ್ತಾಗಲ್ಲಪ್ಪ.'

'ಮತ್ತ ಕೈಮರ ಹೆಂಗ ನೋಡ್ತಿದ್ದೆ?'

'ಕೈ ಇಳಿಯೋದು ನೋಡ್ತಿದ್ದೆ.'

ಮೂವತ್ತು ವರ್ಷ ಆ ಎರಡು ಬಣ್ಣಗಳ ನಡುವೆ ಬಾಳಿದ ನಮ್ಮ ತಂದೆ ಬಾವುಟಗಳನ್ನು ಮಡಿಚಿ, ಈ ಸಲ ಗೂಟಕ್ಕೆ ಸಿಕ್ಕಿಸದೆ, ಪೆಟ್ಟಿಗೆಯೊಳಗಿಟ್ಟರು. ತಮ್ಮನ ಕಣ್ಣೆದುರಿಗೆ ಅವುಗಳನ್ನು ಅವರು ಮತ್ತೆಂದೂ ತೂಗುಹಾಕಲಿಲ್ಲ. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಕೆಮ್ಮಣ್ಣಿನ ಕೋಟಿನ ಮಣ್ಣಿನ ಸಿಪಾಯಿ ಕಣ್ಣಿಗೆ ಕಟ್ಟಿ ನಿಂತಿದ್ದನು. ಅವನು ಹಟ ಮಾಡಿರಲಿಲ್ಲ. ತಾನು ಕಂಡದ್ದನ್ನು ಕಂಡಂತೆ ಬಳಿದಿದ್ದನು. ಅಲ್ಲವೆಂದು ಹೇಳಿ ಅವನನ್ನು ಅಳಿಸಿದವನು ನಾನು.

ಈ ಕೊರತೆ ತಾಯಿಯ ರಕ್ತದ ಮೂಲಕ ಗಂಡುಮಕ್ಕಳಿಗೆ ಇಳಿಯುತ್ತದೆಂದು ಆಮೇಲೆ ಓದಿ ತಿಳಿದೆ; ತಾಯಿಗೆ ತಾನೇ ಅದರ ಬಾಧೆಯಿಲ್ಲ, ಇಬ್ಬರು ಮಕ್ಕಳಲ್ಲಿ ಒಬ್ಬನಿಗೆ ಬರಬಹುದು, ಇನ್ನೊಬ್ಬನನ್ನು ಬಿಟ್ಟುಬಿಡಬಹುದು. ಆಗ ಕಂಪ್ಲಿಯ ಅಜ್ಜನ ನೆನಪಾಯಿತು. ತುಂಗಭದ್ರೆಯ ದಡದ ಆ ಮನೆಯ ಹಿತ್ತಲಲ್ಲಿ ಮೆಣಸಿನ ಗಿಡಗಳಿದ್ದವು. ಅಜ್ಜನು ಬುಟ್ಟಿ ಹಿಡಿದು ಹೊರಟಾಗಲೆಲ್ಲ ಮೊಮ್ಮಕ್ಕಳಲ್ಲಿ ಯಾರನ್ನಾದರೂ ಕರೆದುಕೊಂಡು ಹೋಗಿ, 'ಯಾವುದು ಹಣ್ಣಾಗೇತಿ, ನೀವೇ ಹೇಳ್ರಿ' ಎಂದು ನಮ್ಮಿಂದ ತೋರಿಸಿಕೊಂಡು ಕೀಳುತ್ತಿದ್ದನು. ಮಕ್ಕಳ ಮೇಲಿನ ಅಕ್ಕರೆಯಿಂದ ಹೂಡಿದ ಆಟವೆಂದು ನಾವು ಕುಣಿಯುತ್ತ ಹೋಗುತ್ತಿದ್ದೆವು. ಕಂಪಿಲರಾಯನ ಮಗ ಕುಮಾರರಾಮನ ಕಥೆಯನ್ನು ಅವನು ಹೇಳುತ್ತಿದ್ದುದೂ ಆ ಗಿಡಗಳ ನಡುವೆಯೇ: ದೆಹಲಿಯ ದಂಡಿಗೆ ಎದೆಗೊಟ್ಟು ಹರೆಯದಲ್ಲಿಯೇ ಮಡಿದ ಆ ವೀರನ ಕುದುರೆಯ ಬಣ್ಣವನ್ನು ಅಜ್ಜನು ಎಂದೂ ಹೇಳಿದ್ದಿಲ್ಲ, ಅದರ ಖುರಪುಟದ ಸದ್ದನ್ನು ಮಾತ್ರ ನೆಲಕ್ಕೆ ಬಡಿದು ಬಡಿದು ತೋರಿಸುತ್ತಿದ್ದನು.

ತಮ್ಮನು ಪ್ರಾಥಮಿಕ ಶಾಲೆಯ ಮೇಷ್ಟರಾದನು. ಸಂಡೂರು ತಾಲ್ಲೂಕಿನ ಊರೂರುಗಳಲ್ಲಿ ಮೂವತ್ತಾರು ವರ್ಷ ಪಾಠ ಹೇಳಿದನು. ಭಾನುವಾರಗಳಂದು ನಮ್ಮ ಮನೆಯ ಜಗಲಿಯ ಮೇಲೆ ಹತ್ತು ಹನ್ನೊಂದು ವರ್ಷದ ಹುಡುಗರನ್ನು ಕೂರಿಸಿಕೊಂಡು, ಸೈನಿಕ ಶಾಲೆಯ ಪ್ರವೇಶ ಪರೀಕ್ಷೆಗೆ ಗಣಿತವನ್ನೂ ಭಾಷೆಯನ್ನೂ ಕಲಿಸುತ್ತಿದ್ದನು. ವಿಜಯಪುರದಲ್ಲಿ ಆ ಶಾಲೆ ಆರಂಭವಾದುದು 1963ರಲ್ಲಿ, ಅವನಿಗೇ ಹನ್ನೊಂದು ವರ್ಷವಾಗಿದ್ದಾಗ. ಸುದ್ದಿ ನಮ್ಮೂರನ್ನು ತಲಪುವುದರೊಳಗೆ ಅವನ ವಯಸ್ಸು ಮೀರಿದ್ದಿತು. ಅಲ್ಲಿಯ ವಸತಿಗೃಹಗಳಿಗೆ ಚಾಲುಕ್ಯ, ರಾಷ್ಟ್ರಕೂಟ, ಹೊಯ್ಸಳ, ವಿಜಯನಗರ ಎಂದು ನಾಡಿನ ರಾಜವಂಶಗಳ ಹೆಸರುಗಳಿವೆಯೆಂಬುದನ್ನು ಹುಡುಗರಿಗೆ ಹೇಳುವಾಗ ಅವನ ದನಿಯೇ ಬದಲಾಗುತ್ತಿದ್ದಿತು. ಹೊಸ ಹುಡುಗನೊಬ್ಬ ಬಂದರೆ ಅವನು ಪಾಠ ತೊಡಗುವ ಮೊದಲು ಮಾಡುತ್ತಿದ್ದ ಕೆಲಸ ಒಂದೇ. ಎಲ್ಲಿಂದಲೋ ತರಿಸಿಟ್ಟುಕೊಂಡಿದ್ದ ಆ ಚುಕ್ಕಿಗಳ ಪುಸ್ತಕವನ್ನು ನನ್ನ ಕೈಗೆ ಕೊಟ್ಟು, 'ಅಣ್ಣಾ, ಇವನ ಕಣ್ಣು ನೋಡು' ಎನ್ನುತ್ತಿದ್ದನು. ಏಳು ವರ್ಷದ ಆಸೆ ಒಂದು ಪುಟದಲ್ಲಿ ಮುರಿಯಬಾರದೆಂಬುದೇ ಅವನ ಚಿಂತೆ. ಹುಡುಗನು ಓದುತ್ತಿದ್ದನು, ನಾನು ಸರಿಯೋ ತಪ್ಪೋ ಹೇಳುತ್ತಿದ್ದೆ, ತಮ್ಮನು ಬೆನ್ನು ತಿರುಗಿಸಿಕೊಂಡು ಬೇವಿನ ಮರದ ಕಡೆ ನೋಡುತ್ತ ನಿಂತಿರುತ್ತಿದ್ದನು.

ಅವರೊಳಗೆ ಸಂಡೂರಿನ ಬಳಿಯ ತಾಂಡಾವೊಂದರ ಹುಡುಗನೊಬ್ಬನು ಆ ಪುಸ್ತಕದ 74ನ್ನು ನೋಡಿದ ಕೂಡಲೇ 'ಎಪ್ಪತ್ನಾಕು' ಎಂದು ಕೂಗಿ ನಮ್ಮಿಬ್ಬರನ್ನೂ ಬೆಚ್ಚಿಬೀಳಿಸಿದನು. ಅವನು ವಿಜಯಪುರದಲ್ಲಿ ಏಳು ವರ್ಷ, ಖಡಕ್‌ವಾಸ್ಲಾದಲ್ಲಿ ಮೂರು ವರ್ಷ, ಡೆಹರಾಡೂನಿನ ಭಾರತೀಯ ಸೈನಿಕ ಅಕಾಡೆಮಿಯಲ್ಲಿ ಒಂದು ವರ್ಷ ಕಳೆದನು. 1932ರಲ್ಲಿ 40 ಮಂದಿ ಕೆಡೆಟ್‌ಗಳಿಂದ ತೊಡಗಿದ, ಮುಂದೆ ಫೀಲ್ಡ್ ಮಾರ್ಷಲ್ ಆದ ಮಾಣೆಕ್‌ಷಾ ಅವರು ಮೊದಲನೆಯ ತಂಡದಲ್ಲಿಯೇ ಕಲಿತ ಅಕಾಡೆಮಿ ಅದು. ಪದವಿ ಪಡೆಯುವ ದಿನದ ಪಥಸಂಚಲನಕ್ಕೆ ತಮ್ಮನು ಹೋಗಬೇಕಾಗಿದ್ದಿತು. ಟಿಕೆಟ್ಟನ್ನು ನಾನೇ ಬರೆದು ಕೊಟ್ಟಿದ್ದೆ. ಹೊರಡುವ ದಿನ ಜ್ವರವೆಂದನು. ಮುಟ್ಟಿ ನೋಡಿದರೆ ಮೈ ತಣ್ಣಗಿದ್ದಿತು. ನಾನು ಒತ್ತಾಯಿಸಲಿಲ್ಲ.

ತಿಂಗಳೊಳಗಾಗಿ ಹುಡುಗನೇ ಬಂದನು. ಭುಜದ ಮೇಲೆ ನಕ್ಷತ್ರಗಳಿದ್ದ ಅಂಗಿಯನ್ನು ತೊಡದೆ, ಸಾದಾ ಉಡುಪಿನಲ್ಲಿ ಬಂದು ಮೇಷ್ಟರ ಕಾಲಿಗೆರಗಿ, ಟವೆಲ್ಲಿನಲ್ಲಿ ಸುತ್ತಿ ಎರಡು ಹಗಲು ಎರಡು ರಾತ್ರಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದ ಈ ಗೊಂಬೆಯನ್ನು ಬಿಚ್ಚಿದನು. 'ನೀವು ಬರಲಿಲ್ಲಲ್ರೀ ಸಾರ್, ಅದಕ್ಕ ಅಲ್ಲೀದು ತಂದೀನಿ' ಎಂದನು. ಪೀಠದ ಆ ಒಂದು ಮೆಟ್ಟಿಲು ಏನೆಂದು ನಾನು ಕೇಳಿದೆ. ಪಥಸಂಚಲನದ ಕೊನೆಯಲ್ಲಿ ಕೆಡೆಟ್‌ಗಳು ನಿಧಾನವಾದ ಹೆಜ್ಜೆಯಿಂದ ಚೆಟ್ವುಡ್ ಭವನದ ಮೆಟ್ಟಿಲುಗಳನ್ನೇರಿ ಒಳಕ್ಕೆ ಹೋಗುತ್ತಾರಂತೆ. ಅಲ್ಲಿ 'ಅಂತಿಮ ಪಗ್', ಕೊನೆಯ ಹೆಜ್ಜೆ, ಎಂಬ ಗೆರೆಯುಂಟು. ಅದನ್ನು ದಾಟುವ ತನಕ ಹುಡುಗ ವಿದ್ಯಾರ್ಥಿ, ದಾಟಿದ ಮೇಲೆ ಅಧಿಕಾರಿ. ಮಾತಿನಲ್ಲಿ ಹೇಳಿ ತೃಪ್ತಿಯಾಗದೆ ಅವನು ಅಂಗಳಕ್ಕಿಳಿದು, ಬಿಗಿದ ಮೈಯಿಂದ, ಪ್ರತಿಯೊಂದು ಪಾದವನ್ನೂ ಗಾಳಿಯಲ್ಲಿ ಒಂದು ಕ್ಷಣ ತಡೆದು ತಡೆದು, ನಮ್ಮ ಮನೆಯ ಹೊಸಿಲಿನವರೆಗೆ ನಡೆದು ಬಂದನು. ಅರಿಸಿನ ಬಳಿದ ಹೊಸಿಲನ್ನು ತುಳಿಯದೆ ದಾಟಿ ಒಳಗೆ ನಿಂತನು. ತಮ್ಮನು ಗೋಡೆಗೆ ಒರಗಿ ನಿಂತಿದ್ದನು. ಅವನ ಎಡಗಾಲು ಹುಡುಗನ ಹೆಜ್ಜೆಯೊಡನೆ ಏಳುತ್ತ ಇಳಿಯುತ್ತ ಇದ್ದುದನ್ನು ನಾನು ಕಂಡೆ.

ಅಂದಿನಿಂದ ಈ ಕೆಡೆಟ್ ನನ್ನ ಮೇಜಿನ ಮೇಲಿದ್ದಾನೆ. 'ನಿನ್ನ ಹತ್ತಿರಾನೇ ಇರಲಿ, ಅಣ್ಣಾ' ಎಂದವನು ಅಮಾವಾಸ್ಯೆಗೊಮ್ಮೆ ಬಂದು, ಅವನೆದುರು ಕುರ್ಚಿ ಎಳೆದುಕೊಂಡು ಕುಳಿತು ಪತ್ರಿಕೆ ಓದುತ್ತಾನೆ. ತಮ್ಮನು ಬರುವ ದಿನಗಳಲ್ಲಿ ನಾನು ಇನ್ನೂ ಜಾಗ್ರತೆಯಿಂದ ಒರೆಸುತ್ತಿದ್ದೆ. ಒಂದು ಸಲ ಹೀಗೆ ಒರೆಸುತ್ತಿದ್ದುದನ್ನು ಕಂಡು, 'ದಿನಾ ಏನು ಒರಸ್ತೀಯಣ್ಣಾ, ಅವನ ಕೋಟು ಇದ್ದಂಗೇ ಐತಲ್ಲ' ಎಂದನು. ನನ್ನ ಬಟ್ಟೆಯ ಚೂರು ಪೂರ್ತಿ ಕೆಂಪಾಗಿದ್ದಿತು. 'ಹೌದು, ಸುಮ್ಮನೆ' ಎಂದೆ.

ಹೋದ ಮಣ್ಣೆತ್ತಿನ ಅಮಾವಾಸ್ಯೆಯ ಹಿಂದಿನ ದಿನ ನನ್ನ ಕೈ ನಡುಗಿ ಗೊಂಬೆ ಕೆಳಗೆ ಬಿದ್ದಿತು. ಬಂದೂಕಿನ ತುದಿ ಮುರಿಯಿತು, ಕೋಟಿನ ಬೆನ್ನಿನಲ್ಲಿ ಹೆಬ್ಬೆರಳಗಲ ಬಣ್ಣ ಕಿತ್ತಿತು. ತಮ್ಮನೂ ನಾನೂ ಅವನನ್ನು ಅದೇ ಟವೆಲ್ಲಿನಲ್ಲಿ ಸುತ್ತಿಕೊಂಡು, ಹೊಸಪೇಟೆ, ಮುನಿರಾಬಾದುಗಳನ್ನು ದಾಟಿ ಕೊಪ್ಪಳದಲ್ಲಿಳಿದು ಕಿನ್ನಾಳಕ್ಕೆ ಹೋದೆವು. ಹಗುರವಾದ ಮರದಲ್ಲಿ ದೇವರುಗಳನ್ನೂ ಗೊಂಬೆಗಳನ್ನೂ ಕೆತ್ತಿ, ಮರದ ಹೊಟ್ಟನ್ನೂ ಸೆಣಬಿನ ಪುಡಿಯನ್ನೂ ಹುಣಸೆಬೀಜದ ಅಂಟಿನಲ್ಲಿ ಕಲಸಿ ಸಂದು ಮೆತ್ತಿ, ಮೇಲೆ ಬಣ್ಣ ಕೊಡುವ ಚಿತ್ರಗಾರರ ಊರು ಅದು. ಮುದುಕರಾದ ಚಿತ್ರಗಾರರೊಬ್ಬರು ಗೊಂಬೆಯನ್ನು ಹಸುಗೂಸಿನಂತೆ ಅಂಗೈಯಲ್ಲಿ ಮಲಗಿಸಿಕೊಂಡು ನೋಡಿದರು. ಬಂದೂಕಿಗೆ ಸಣ್ಣ ಕಡ್ಡಿ ಸೇರಿಸಿ ಅಂಟು ಮೆತ್ತಿದರು. ಕೋಟಿಗೆ ಕೈ ಹಚ್ಚುವ ಮೊದಲು ಅದರ ಮಡಿಕೆಗಳನ್ನು ಬಿಸಿಲಿಗೆ ಹಿಡಿದರು. ಹದಿನೈದು ವರ್ಷಗಳ ಧೂಳು ನನ್ನ ಬಟ್ಟೆಗೆ ನಿಲುಕದ ಗೆರೆಗಳಲ್ಲೆಲ್ಲ ಇಳಿದು ಕುಳಿತಿದ್ದಿತು.

'ಇದರ ಮೂಲ ಬಣ್ಣ ಯಾವುದ್ರೀ? ಹಸಿರೋ ಕೆಂಪೋ ತಿಳೀವಲ್ದು.'

ಅವರು ಎರಡು ಚಿಪ್ಪುಗಳಲ್ಲಿ ಬಣ್ಣ ಕಲಸಿ ಮುಂದಿಟ್ಟರು: ಒಂದರಲ್ಲಿ ಕಂದಿದ ಹಸಿರು, ಇನ್ನೊಂದರಲ್ಲಿ ಕೆಮ್ಮಣ್ಣು. ತಮ್ಮನು ನನ್ನ ಮುಖ ನೋಡಿದನು.

'ನೀನೇ ಹೇಳು' ಎಂದೆ.

ಅವನು ಬಹಳ ಹೊತ್ತು ನೋಡಿದನು. ಗೊಂಬೆಯನ್ನು ಎತ್ತಿಕೊಂಡು ಒಂದು ಚಿಪ್ಪಿನ ಪಕ್ಕಕ್ಕೆ ಹಿಡಿದನು, ಇನ್ನೊಂದರ ಪಕ್ಕಕ್ಕೆ ಹಿಡಿದನು. ಎಪ್ಪತ್ತು ದಾಟಿದ ಅವನ ಹಣೆಯಲ್ಲಿ ಮಣ್ಣಿನ ಸಿಪಾಯಿಯ ಮುಂದೆ ಕುಳಿತಿದ್ದ ಹುಡುಗನ ಗೆರೆಗಳೇ ಮೂಡಿದ್ದವು. ಕೊನೆಗೆ ಕೆಮ್ಮಣ್ಣಿನ ಚಿಪ್ಪಿನ ಮೇಲೆ ಬೆರಳಿಟ್ಟನು.

'ಇದಲ್ಲೇನಣ್ಣಾ?'

ಚಿತ್ರಗಾರರು ಕುಂಚವನ್ನೆತ್ತಿ ನನ್ನ ಕಡೆ ನೋಡಿದರು.

'ಅದೇ' ಎಂದೆ.

ಈಗಲೂ ನಾನು ಬೆಳಗ್ಗೆ ಎದ್ದು ಪಂಚೆಯ ಚೂರನ್ನು ಬೆರಳಿಗೆ ಸುತ್ತಿಕೊಂಡು ಮೇಜಿನ ಬಳಿಗೆ ಹೋಗುತ್ತೇನೆ. ಅವನು ಮೆಟ್ಟಿಲಿನ ಮೇಲೆ ಎಡಗಾಲೂರಿ, ಕೆಮ್ಮಣ್ಣಿನ ಕೋಟು ತೊಟ್ಟು ನಿಂತಿರುತ್ತಾನೆ. ರಾತ್ರಿಯ ಧೂಳು ಅವನ ಮೇಲೆ ಕುಳಿತಿದೆಯೋ ಇಲ್ಲವೋ ನೋಡಿದರೆ ನನಗೆ ತಿಳಿಯುವುದಿಲ್ಲ. ಬೆರಳಿನಿಂದ ಮುಟ್ಟಿ ನೋಡಬೇಕು.